ಮಕ್ಕಳಿಗೆ ಉಪಕಾರ ನೆನೆಯುವುದನ್ನು ಕಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದ ಕಡೆ 22 ವರ್ಷ ಶಿಶುವಿಹಾರದಲ್ಲಿ ಟೀಚರ್ ಆಗಿದ್ದವಳು. ಈಗ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗ ಇದ್ದಾನೆ. ಆಗ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಅಮ್ಮಂದಿರು ಕೇಳುತ್ತಿದ್ದ ಪ್ರಶ್ನೆಗಳನ್ನೇ ಈಗಿನವರು ವಾಟ್ಸಾಪಿನಲ್ಲಿ ಕೇಳುತ್ತಾರೆ. "ಮಿಸ್, ನಮ್ಮ ಹುಡುಗನಿಗೆ ಯಾವುದರ ಬೆಲೆನೂ ಗೊತ್ತಿಲ್ಲ, ಏನು ಮಾಡೋದು?" ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ಇಲ್ಲಿರುವುದು ಎರಡರಿಂದ ಎಂಟು ವರ್ಷದ ಮಕ್ಕಳ ವಿಷಯ.

ಕೃತಜ್ಞತೆ ಅಂತ ದೊಡ್ಡ ಪದ. ಸಣ್ಣ ಮಕ್ಕಳಿಗೆ ಅದು ಅರ್ಥ ಆಗುತ್ತಾ?

ಪದ ಅರ್ಥ ಆಗಬೇಕಿಲ್ಲ. ಆದರೆ ಆ ಪದದ ಒಳಗೆ ಏನಿದೆ ಅಂತ ನಾವು ದೊಡ್ಡವರು ಒಮ್ಮೆ ನೋಡಬೇಕು. ಕೃತ ಅಂದರೆ ಮಾಡಿದ್ದು. ಜ್ಞ ಅಂದರೆ ತಿಳಿದವರು. ಯಾರೋ ನಮಗಾಗಿ ಮಾಡಿದ್ದನ್ನು ತಿಳಿದವನು ಕೃತಜ್ಞ. ಬಾಯಲ್ಲಿ ಹೇಳುವ ಮಾತು ಆ ಪದದಲ್ಲಿ ಎಲ್ಲೂ ಇಲ್ಲ, ತಿಳಿಯುವುದು ಮಾತ್ರ ಇದೆ.

ಮಗುವಿಗೆ ಕಲಿಸಬೇಕಾದ್ದು ಇದನ್ನೇ. ಪ್ರತಿ ವಸ್ತುವಿನ ಹಿಂದೆ ಒಂದು ಕೈ ಇದೆ, ಆ ಕೈಯನ್ನು ನೋಡುವುದು. ಬೆಳಿಗ್ಗೆ ತಟ್ಟೆಗೆ ಬಂದ ದೋಸೆ ತಾನಾಗಿ ಬಂದಿಲ್ಲ. ಹಿಂದಿನ ದಿನ ಯಾರೋ ಅಕ್ಕಿ ನೆನೆಸಿದ್ದರು, ರುಬ್ಬಿದ್ದರು, ರಾತ್ರಿ ಮಲಗುವ ಮುಂಚೆ ಪಾತ್ರೆಗೆ ಮುಚ್ಚಳ ಹಾಕಿಟ್ಟಿದ್ದರು. ಮಗು ಇದನ್ನು ಕಣ್ಣಾರೆ ನೋಡಿದ್ದರೆ ಉಳಿದದ್ದು ಸಲೀಸು. ನೋಡೇ ಇಲ್ಲದಿದ್ದರೆ ನೂರು ಸಲ ಥ್ಯಾಂಕ್ಸ್ ಹೇಳಿಸಿದರೂ ಅದು ಗಿಳಿಪಾಠ.

ಯಾವ ವಯಸ್ಸಿನಿಂದ ಶುರು ಮಾಡಬಹುದು?

ಮಾತು ಸರಿಯಾಗಿ ಬರುವ ಮುಂಚೆಯೇ ಶುರು ಮಾಡಬಹುದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಅನ್ನುವ ಇಬ್ಬರು ಸಂಶೋಧಕರು 18 ತಿಂಗಳ ಮಕ್ಕಳನ್ನು ಇಟ್ಟುಕೊಂಡು ನಡೆಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಬಟ್ಟೆ ಒಣಹಾಕುತ್ತಿದ್ದವರ ಕೈಯಿಂದ ಕ್ಲಿಪ್ ಜಾರಿ ಕೆಳಗೆ ಬೀಳುತ್ತದೆ. ಅವರು ಕೈ ಚಾಚುತ್ತಾರೆ, ಎಟಕುವುದಿಲ್ಲ. ಯಾರೂ ಹೇಳದೆ ಮಕ್ಕಳು ತಾವೇ ಹೋಗಿ ಎತ್ತಿಕೊಟ್ಟವು. ಅಂದರೆ ಇನ್ನೊಬ್ಬರಿಗೆ ಏನು ಬೇಕಾಗಿದೆ ಅನ್ನುವುದು ಒಂದೂವರೆ ವರ್ಷಕ್ಕೇ ಮಗುವಿನ ಕಣ್ಣಿಗೆ ಬೀಳುತ್ತದೆ.

ಆದರೆ "ಇವರು ತಮ್ಮ ಕೆಲಸ ಬಿಟ್ಟು ನನಗೋಸ್ಕರ ಇದನ್ನು ಮಾಡಿದರು" ಅಂತ ಹೊಳೆಯಲು ಸುಮಾರು ನಾಲ್ಕು ವರ್ಷ ಆಗಬೇಕು. ಇನ್ನೊಬ್ಬರ ತಲೆಯಲ್ಲಿ ತನ್ನ ತಲೆಯಲ್ಲಿ ಇಲ್ಲದ ವಿಚಾರ ಇರಬಹುದು ಅಂತ ಮಕ್ಕಳಿಗೆ ಗೊತ್ತಾಗುವುದೇ ಆ ಹೊತ್ತಿಗೆ. ಹಾಗಾಗಿ ಮೂರು ವರ್ಷದ ಮಗುವಿಗೆ "ನಿನಗೋಸ್ಕರ ಎಷ್ಟು ಕಷ್ಟಪಟ್ಟೆ ಗೊತ್ತಾ" ಅಂದರೆ ಅದಕ್ಕೆ ನಮ್ಮ ಸಿಟ್ಟು ಮಾತ್ರ ಕಾಣುತ್ತದೆ. ಆ ವಯಸ್ಸಿಗೆ ಮಾತು ಕಡಿಮೆ ಇರಲಿ, ಕೈಗೆ ಕೆಲಸ ಜಾಸ್ತಿ ಇರಲಿ. ಬಟಾಣಿ ಬಿಡಿಸಲಿ, ಮಡಚಿದ ಬಟ್ಟೆ ಒಳಗಿಟ್ಟು ಬರಲಿ.

ಯಾರಾದರೂ ಏನಾದರೂ ಕೊಟ್ಟಾಗ "ಹೇಳು, ಥ್ಯಾಂಕ್ಸ್ ಹೇಳು" ಅಂತ ಒತ್ತಾಯ ಮಾಡಬೇಕಾ?

ಒಮ್ಮೆ ನೆನಪಿಸಿ. ಹೇಳದಿದ್ದರೆ ಬಿಟ್ಟುಬಿಡಿ, ನೀವೇ ಹೇಳಿ.

ನನ್ನ ತಪ್ಪನ್ನೇ ಹೇಳುತ್ತೇನೆ. ಮಗಳಿಗೆ ಮೂರು ತುಂಬಿದ ದಿನ ಮನೆ ತುಂಬ ನೆಂಟರು. ಅವಳ ಚಿಕ್ಕಪ್ಪ ದೊಡ್ಡ ಗೊಂಬೆ ತಂದಿದ್ದರು. ಇವಳು ಗೊಂಬೆ ಅಪ್ಪಿಕೊಂಡು ನಿಂತಳೇ ಹೊರತು ಬಾಯಿ ಬಿಡಲಿಲ್ಲ. ನಾನು ಟೀಚರ್ ಅಲ್ವಾ, ನನಗೆ ಮರ್ಯಾದೆ ಪ್ರಶ್ನೆ. "ಹೇಳದಿದ್ರೆ ಗೊಂಬೆ ವಾಪಸ್ ಕೊಡ್ತೀನಿ" ಅಂದೆ. ಅವಳು ಗೊಂಬೆಯನ್ನು ನೆಲದ ಮೇಲೆ ಇಟ್ಟು ಮಂಚದ ಕೆಳಗೆ ಹೋಗಿ ಕೂತಳು. ದೀಪ ಹಚ್ಚುವ ಹೊತ್ತಿಗೂ ಬರಲಿಲ್ಲ. ಆಮೇಲೆ ತುಂಬ ದಿನ ಆ ಗೊಂಬೆಯನ್ನು ಮುಟ್ಟಲೇ ಇಲ್ಲ. ಗೊಂಬೆ ಅಪ್ಪಿಕೊಂಡಿದ್ದ ಆ ಎರಡು ಪುಟ್ಟ ಕೈಯಲ್ಲೇ ಎಲ್ಲ ಇತ್ತು. ನಾನು ನೋಡಲಿಲ್ಲ.

ಹೇಳಿಸದೆ ಥ್ಯಾಂಕ್ಸ್ ಹೇಳುವುದು ಸಣ್ಣ ಮಕ್ಕಳಿಗೆ ಎಲ್ಲ ಕಡೆಯೂ ಕಷ್ಟವೇ. ಅಮೆರಿಕದಲ್ಲಿ ಗ್ರೀಫ್ ಮತ್ತು ಗ್ಲೀಸನ್ ಅನ್ನುವ ಸಂಶೋಧಕರು 1980ರಲ್ಲಿ ನೋಡಿದ್ದು ಇದನ್ನೇ. ಹಾಯ್, ಥ್ಯಾಂಕ್ಸ್, ಬೈ, ಈ ಮೂರರಲ್ಲಿ ಮಕ್ಕಳು ತಾವಾಗಿ ತೀರಾ ಕಡಿಮೆ ಹೇಳಿದ್ದು ಥ್ಯಾಂಕ್ಸ್. ಅದಕ್ಕೆ ಮಗು ಹೇಳದಿದ್ದಾಗ ನಾಚಿಕೆ ಪಡಬೇಡಿ. ಕೊಟ್ಟವರ ಮುಖ ನೋಡಿ ನೀವು ಹೇಳಿ: "ಅವಳಿಗೆ ತುಂಬಾ ಇಷ್ಟ ಆಗಿದೆ, ನೋಡಿ ಹೇಗೆ ಹಿಡ್ಕೊಂಡಿದ್ದಾಳೆ. ನೆನಪಿಟ್ಟು ತಂದ್ರಲ್ಲ, ಬಹಳ ಖುಷಿಯಾಯ್ತು." ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಇನ್ನೊಮ್ಮೆ ಅದೇ ಮಾತು ಅದರ ಬಾಯಲ್ಲಿ ಬರುತ್ತದೆ.

ನಮ್ಮ ಮನೆಯಲ್ಲಿ ಥ್ಯಾಂಕ್ಸ್ ಹೇಳುವ ರೂಢಿಯೇ ಇಲ್ಲ. ಅಮ್ಮನಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರಾ?

ಈ ಪ್ರಶ್ನೆ ನನಗೆ ಬಹಳ ಇಷ್ಟ. ನಮ್ಮ ಅಮ್ಮನಿಗೆ ನಾನು ಜೀವಮಾನದಲ್ಲಿ ಒಂದು ಸಲವೂ ಧನ್ಯವಾದ ಅಂದಿಲ್ಲ. ಅಂದಿದ್ದರೆ "ಏನಾಯ್ತೇ ನಿಂಗೆ" ಅಂತ ಹಣೆ ಮುಟ್ಟಿ ನೋಡುತ್ತಿದ್ದಳು. ಹಾಗಂತ ನಮ್ಮಲ್ಲಿ ಉಪಕಾರ ನೆನೆಯುವುದು ಇರಲಿಲ್ಲ ಅನ್ನಲಾಗುತ್ತಾ?

ಬೇರೆ ದೇಶದಲ್ಲೂ ಹೀಗೇ ಇದೆ. ಸೈಮಿಯನ್ ಫ್ಲಾಯ್ಡ್ ಅನ್ನುವ ಸಂಶೋಧಕರು ಮತ್ತು ಜೊತೆಯವರು ಎಂಟು ಭಾಷೆಯ ಜನ ಮನೆಯಲ್ಲಿ, ಊರಲ್ಲಿ ಮಾತಾಡುವುದನ್ನು ರೆಕಾರ್ಡ್ ಮಾಡಿ 2018ರಲ್ಲಿ ಬರೆದರು. ಯಾರೋ ಕೇಳಿದ್ದನ್ನು ಇನ್ನೊಬ್ಬರು ಮಾಡಿಕೊಟ್ಟಾಗ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದ್ದು ಸುಮಾರು ಏಳರಲ್ಲಿ ಒಂದು ಸಲ ಮಾತ್ರ. ಈಕ್ವೆಡಾರ್ ದೇಶದ ಚಾಪಲಾ ಭಾಷೆಯಲ್ಲಿ ಅದಕ್ಕೊಂದು ಪದವೇ ಇಲ್ಲ. ಆದರೂ ಅಲ್ಲಿಯ ಜನ ಒಬ್ಬರಿಗೊಬ್ಬರು ಮಾಡುತ್ತಲೇ ಇದ್ದಾರೆ.

ನಮ್ಮ ಕನ್ನಡದಲ್ಲಿ ಇದಕ್ಕೆ ಬೇರೆ ದಾರಿಗಳಿವೆ. "ಸಮಯಕ್ಕೆ ಬಂದೆ ಕಣಪ್ಪ." "ನಿನ್ನ ಹೊಟ್ಟೆ ತಣ್ಣಗಿರಲಿ." "ದೊಡ್ಡ ಉಪಕಾರ ಆಯ್ತು." "ಬದುಕಿಸಿದೆ ಮಾರಾಯ." ಇವುಗಳಲ್ಲಿ ಎರಡು ಮೂರನ್ನು ಮನೆಯಲ್ಲಿ ಬಾಯ್ತುಂಬ ಆಡಿ. ಮಗು ನೀರು ತಂದುಕೊಟ್ಟಾಗ "ಬಾಯಾರಿ ಸಾಕಾಗಿತ್ತು, ಒಳ್ಳೇದಾಯ್ತು ಪುಟ್ಟಾ" ಅಂದರೆ ಬರಿ ಥ್ಯಾಂಕ್ಯೂಗಿಂತ ಜಾಸ್ತಿ ಕೆಲಸ ಆಗುತ್ತದೆ. ತಾನು ಮಾಡಿದ್ದರಿಂದ ಏನಾಯಿತು ಅಂತ ಅದಕ್ಕೆ ಗೊತ್ತಾಗುತ್ತದೆ.

ಮಾತಿಗಿಂತ ದೊಡ್ಡದು ಇನ್ನೊಂದಿದೆ. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು. ನಮ್ಮ ಅಮ್ಮ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದಳು. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಬೇಕು. ಕಳೆದ ತಿಂಗಳು ಎದುರುಮನೆಯವರು ಕೊಟ್ಟೆ ಕಡುಬು ಕೊಟ್ಟಿದ್ದರು. ಡಬ್ಬ ತೊಳೆದು ಮೊಮ್ಮಗನ ಮುಂದೆ ಇಟ್ಟು "ಒಳಗೆ ಏನು ಹಾಕೋಣ?" ಅಂದೆ. ಅವನು ಅಡುಗೆಮನೆ ಪೂರ್ತಿ ಸುತ್ತಿದ. ಮೊದಲು ಒಂದು ಬಾಳೆಹಣ್ಣು ಇಟ್ಟ, ಮುಚ್ಚಳ ಹಾಕಲು ಆಗಲಿಲ್ಲ. ತೆಗೆದ. ಮೂರು ನೆಲ್ಲಿಕಾಯಿ ಇಟ್ಟ. ಅಲ್ಲಾಡಿಸಿ ಸದ್ದು ಕೇಳಿದ. "ಆ ಅಜ್ಜಿಗೆ ಹಲ್ಲಿಲ್ಲ" ಅಂತ ತಾನೇ ಹೇಳಿ ನೆಲ್ಲಿಕಾಯಿಯನ್ನೂ ತೆಗೆದ. ಕೊನೆಗೆ ಬೆಲ್ಲದ ಅಚ್ಚು ಹಾಕಿದ. ನಾನು ಒಂದು ಮಾತೂ ಆಡಲಿಲ್ಲ. ಕೊಟ್ಟವರಿಗೆ ಏನು ಬೇಕು ಅಂತ ನಾಲ್ಕು ವರ್ಷದ ಹುಡುಗ ಅಷ್ಟು ಹೊತ್ತು ಯೋಚನೆ ಮಾಡಿದ.

ನನ್ನ ಮಗ ಥ್ಯಾಂಕ್ಸ್ ಹೇಳುವ ಬದಲು ತನ್ನ ಹಳೇ ಕಾರು, ಕಲ್ಲು, ತಿಂದು ಉಳಿದ ಬಿಸ್ಕತ್ತು ಕೊಡುತ್ತಾನೆ. ತಡೆಯಬೇಕಾ?

ಖಂಡಿತ ಬೇಡ. ಫ್ರಾನ್ಜಿಸ್ಕಾ ಬೌಮ್‌ಗಾರ್ಟನ್ ಟ್ರಾಮರ್ ಅನ್ನುವವರು ಸ್ವಿಟ್ಜರ್‌ಲೆಂಡಿನ ಮಕ್ಕಳಿಗೆ ಎರಡೇ ಪ್ರಶ್ನೆ ಕೇಳಿ 1938ರಲ್ಲಿ ಬರೆದಿದ್ದಾರೆ. ನಿನ್ನ ಅತಿ ದೊಡ್ಡ ಆಸೆ ಏನು? ಅದನ್ನು ಈಡೇರಿಸಿದವರಿಗೆ ನೀನು ಏನು ಮಾಡುತ್ತೀಯ? ಕೆಲವರು ಥ್ಯಾಂಕ್ಸ್ ಹೇಳುತ್ತೇವೆ ಅಂದರು. ಕೆಲವರು ತಮಗೆ ಇಷ್ಟವಾದ ವಸ್ತುವನ್ನೇ ಕೊಡುತ್ತೇವೆ ಅಂದರು. ಇನ್ನು ಕೆಲವರು ಅವರಿಗೆ ಬೇಕಾದ್ದನ್ನು ಮಾಡುತ್ತೇವೆ ಅಂದರು. ತನ್ನದನ್ನೇ ಕೊಡುವುದು ಸಣ್ಣ ಮಕ್ಕಳ ದಾರಿ. ದೊಡ್ಡವರಾದ ಹಾಗೆ "ಅವರಿಗೆ ಏನು ಬೇಕು" ಅನ್ನುವ ಕಡೆಗೆ ಹೋಗುತ್ತಾರೆ.

ನಮ್ಮ ಶಿಶುವಿಹಾರದ ಒಬ್ಬ ಹುಡುಗನದು ಇವತ್ತಿಗೂ ಕಣ್ಣಮುಂದಿದೆ. ಮಕ್ಕಳನ್ನು ಸಾಲಾಗಿ ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋಗುವಾಗ ಅವನ ಚಪ್ಪಲಿಯ ಬಾರು ಕಿತ್ತುಹೋಯಿತು. ಬಸ್ ಸ್ಟ್ಯಾಂಡಿನ ಪಕ್ಕ ಚಪ್ಪಲಿ ಹೊಲಿಯುವ ಒಬ್ಬ ತಾತ ಕೂರುತ್ತಿದ್ದರು. ಅವರು ಬಾರು ಹೊಲಿದು, ಗಂಟು ಹಾಕಿ, ಹೆಚ್ಚಾದ ದಾರ ಕತ್ತರಿಸಿ ಹುಡುಗನ ಕಾಲಿಗೆ ತಾವೇ ಹಾಕಿದರು. ನಾನು ದುಡ್ಡು ತೆಗೆಯುವಷ್ಟರಲ್ಲಿ "ಮಗಿನ ತಾವ ಏನು ಇಸ್ಕಳದು, ಹೋಗಿ ಮೇಡಂ" ಅಂದರು. ಹುಡುಗ ನನ್ನ ಸೀರೆ ಸೆರಗಿನ ಹಿಂದೆ ನಿಂತಿದ್ದ. ಮೆಲ್ಲಗೆ ಮುಂದೆ ಬಂದ. ಜೇಬಿಗೆ ಕೈ ಹಾಕಿದ. ಅರ್ಧ ಕಚ್ಚಿದ ಕಡ್ಲೆ ಮಿಠಾಯಿಯನ್ನು ಅವರ ಅಂಗೈ ಮೇಲೆ ಇಟ್ಟು ಮತ್ತೆ ಓಡಿ ಬಂದು ಸೆರಗಿನ ಹಿಂದೆ ನಿಂತ. ತಾತ ಅದನ್ನು ಹಾಗೇ ಬಾಯಿಗೆ ಹಾಕಿಕೊಂಡರು. ಒರೆಸಲಿಲ್ಲ, ಕೊಡವಲಿಲ್ಲ. ಮಗು ಕೊಟ್ಟಿದ್ದನ್ನು ಹೇಗೆ ತೆಗೆದುಕೊಳ್ಳಬೇಕು ಅಂತ ನಾನು ಕಲಿತದ್ದು ಅವತ್ತು.

ಊಟ ಬಿಸಾಡಿದಾಗ "ಎಷ್ಟೋ ಮಕ್ಕಳಿಗೆ ಊಟವೇ ಇಲ್ಲ ಗೊತ್ತಾ" ಅಂತ ಹೇಳಬಹುದಾ?

ನಾವೆಲ್ಲ ಕೇಳಿಕೊಂಡು ಬೆಳೆದ ಮಾತು ಇದು. ಆದರೂ ಬೇಡ ಅನ್ನುತ್ತೇನೆ. ಇನ್ನೊಂದು ಮಗುವಿನ ಹಸಿವನ್ನು ತೋರಿಸಿ ನಮ್ಮ ಮಗುವಿಗೆ ಅನ್ನ ತಿನ್ನಿಸಿದರೆ ಅದಕ್ಕೆ ಒಳಗೊಳಗೇ ಹೆದರಿಕೆ ಆಗುತ್ತದೆ. ಇಲ್ಲವೇ "ಹಾಗಾದ್ರೆ ಅವರಿಗೇ ಕೊಡು" ಅನ್ನುತ್ತದೆ. ಬಡವರು ಅಂದರೆ ನಮಗೆ ಪಾಠ ಹೇಳಲು ಇರುವವರು ಅನ್ನುವ ಭಾವನೆಯೂ ಬರಬಾರದು.

ಅನ್ನ ಬಂದ ದಾರಿಯನ್ನು ತೋರಿಸಿ. ಭತ್ತ ಬಿತ್ತಿ ಕೊಯ್ಯಲು ನಾಲ್ಕೈದು ತಿಂಗಳು ಬೇಕು. ಮಗುವಿನ ಭಾಷೆಯಲ್ಲಿ ಅದು "ಸ್ಕೂಲ್ ಶುರುವಾದಾಗ ಬಿತ್ತಿದ್ದು ದೀಪಾವಳಿ ಹೊತ್ತಿಗೆ ಅನ್ನ". ಕುಂಡದಲ್ಲಿ ಕೊತ್ತಂಬರಿ ಬೀಜ ಹಾಕಿಸಿ. ಮೊಳಕೆ ಬರಲು ಒಂದು ವಾರದ ಮೇಲಾಗುತ್ತದೆ. ಮಗು ದಿನಾ ಬಂದು "ಇನ್ನೂ ಬಂದಿಲ್ಲ" ಅನ್ನುತ್ತದೆ. ಕಾಯಲಿ. ಒಂದು ತಿಂಗಳು ಕಾದು, ಸಾರಿಗೆ ಒಂದೇ ಹಿಡಿ ಸೊಪ್ಪು ಸಿಕ್ಕಾಗ ಸಂತೆಯಲ್ಲಿ ಕಟ್ಟುಗಟ್ಟಲೆ ಸೊಪ್ಪು ಇಟ್ಟುಕೊಂಡು ಕೂತ ಅಜ್ಜಿಯನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ನೀರಿಗೂ ಇದೇ ದಾರಿ. ಬೆಂಗಳೂರಿನಲ್ಲಿ ಇರುವವರಾದರೆ ಹೀಗೆ ಹೇಳಿ: ನಲ್ಲಿಯ ಕಾವೇರಿ ನೀರು ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರ್ ದೂರ ಪೈಪಿನಲ್ಲಿ ಏರು ಹತ್ತಿ ಬರುತ್ತದೆ. 1974ರಿಂದ ಹೀಗೇ ಬರುತ್ತಿದೆ. ರಾತ್ರಿ ನಾವು ಮಲಗಿರುವಾಗಲೂ ಅಲ್ಲಿ ಯಾರೋ ಪಂಪ್ ನೋಡಿಕೊಳ್ಳುತ್ತಾ ಎದ್ದಿರುತ್ತಾರೆ. ಆ "ಯಾರೋ ಎದ್ದಿರುತ್ತಾರೆ" ಅನ್ನುವುದು ಮಕ್ಕಳಿಗೆ ತುಂಬ ಹಿಡಿಸುತ್ತದೆ.

ಇನ್ನೊಂದು ಮಾತು. ತಟ್ಟೆಗೆ ಜಾಸ್ತಿ ಹಾಕಿದ್ದು ನಾವೇ ಆಗಿದ್ದರೆ ಬೈಯುವ ಹಕ್ಕು ನಮಗಿಲ್ಲ. ಸ್ವಲ್ಪ ಹಾಕಿ, ಮತ್ತೆ ಕೇಳಲಿ.

ದಿನಾ ಮಲಗುವಾಗ ಮೂರು ಒಳ್ಳೆಯ ವಿಷಯ ಹೇಳಿಸಬೇಕು, ಬರೆಸಬೇಕು ಅನ್ನುತ್ತಾರೆ. ಉಪಯೋಗ ಇದೆಯಾ?

ಹೀಗೆ ಬರೆಸಿ ನೋಡಿದ ಹೆಸರಾದ ಪ್ರಯೋಗಗಳನ್ನು ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ 2003ರಲ್ಲಿ ಪ್ರಕಟಿಸಿದರು. ಅವರ ಮೊದಲ ಪ್ರಯೋಗದಲ್ಲಿ ಕಾಲೇಜು ಹುಡುಗ ಹುಡುಗಿಯರು ವಾರಕ್ಕೊಮ್ಮೆ, ಹತ್ತು ವಾರ ಬರೆದರು. 2008ರಲ್ಲಿ ಜೆಫ್ರಿ ಫ್ರೋ ಮತ್ತು ಜೊತೆಯವರು ಆರು, ಏಳನೇ ತರಗತಿಯ 221 ಮಕ್ಕಳಿಂದ ಎರಡು ವಾರ ಬರೆಸಿದರು. ಒಳ್ಳೆಯದಾಯಿತು ಅಂತಲೇ ಇಬ್ಬರೂ ಹೇಳಿದರು. ಗಮನಿಸಿ, ಇದರಲ್ಲಿ ನಾಲ್ಕೈದು ವರ್ಷದವರು ಯಾರೂ ಇರಲಿಲ್ಲ.

ಸಣ್ಣವರಿಗೆ ಬರೆಸುವುದು ಹೋಂವರ್ಕ್ ಆಗಿಬಿಡುತ್ತದೆ. ನಾಲ್ಕನೇ ದಿನಕ್ಕೆ "ಅಮ್ಮ, ಅಪ್ಪ, ದೇವರು" ಅಂತ ಒಂದೇ ಉಸಿರಿನಲ್ಲಿ ಹೇಳಿ ಹೊದ್ದು ಮಲಗುತ್ತವೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: "ಇವತ್ತು ನಿನಗೆ ಯಾರು ಏನು ಮಾಡಿಕೊಟ್ರು?" ಹೆಸರು ಬರಬೇಕು, ಕೆಲಸ ಬರಬೇಕು. "ವ್ಯಾನ್ ಅಂಕಲ್ ನನ್ನ ಬ್ಯಾಗ್ ಎತ್ತಿಕೊಟ್ರು." ಸಾಕು. ಆಮೇಲೆ ನನ್ನ ಸರದಿ, ನಾನೂ ಹೇಳುತ್ತೇನೆ. ಯಾವತ್ತಾದರೂ "ಯಾರೂ ಏನೂ ಮಾಡಲಿಲ್ಲ" ಅಂದರೆ ಒತ್ತಾಯ ಬೇಡ. ಶಾಲೆಯಲ್ಲಿ ಏನಾಯಿತು ಅಂತ ಮೆಲ್ಲಗೆ ಕೇಳಿ. ಆ ಮಾತಿನ ಹಿಂದೆ ಏನೋ ಇರುತ್ತದೆ.

ನಾಲ್ಕು ಮೆಟ್ಟಿಲು ಅಂತ ಏನೋ ಕೇಳಿದ್ದೇವೆ. ಅದೇನು?

ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಆಂಡ್ರಿಯಾ ಹಸಾಂಗ್ ಅವರ ತಂಡ ಹೇಳುವುದು: ಮೊದಲು ಕಾಣಬೇಕು, ಆಮೇಲೆ ಯೋಚಿಸಬೇಕು, ಅನ್ನಿಸಬೇಕು, ಕೊನೆಗೆ ಮಾಡಬೇಕು. ನಾವು ಮಾಡುವ ತಪ್ಪು ಏನೆಂದರೆ ನೇರವಾಗಿ ನಾಲ್ಕನೆಯದಕ್ಕೆ ಹಾರುವುದು. ಸ್ವೆಟರ್ ಬಂತು, ಥ್ಯಾಂಕ್ಸ್ ಹೇಳು, ಮುಗೀತು. ಮಧ್ಯದಲ್ಲಿ "ಅತ್ತೆ ಇದನ್ನು ಎಷ್ಟು ದಿನ ಹೆಣೆದಿರಬಹುದು? ನಿನಗೆ ನೀಲಿ ಇಷ್ಟ ಅಂತ ಅವರಿಗೆ ಹೇಗೆ ಗೊತ್ತಾಯ್ತು?" ಅಂತ ಕೇಳುವುದಿದೆಯಲ್ಲ, ಎರಡೇ ನಿಮಿಷದ ಆ ಮಾತೇ ಮುಖ್ಯ.

ಹಬ್ಬಗಳಲ್ಲಿ ಇದನ್ನು ಕಲಿಸಬಹುದಾ?

ನಮ್ಮ ನಾಡಿನ ಅರ್ಧ ಹಬ್ಬಗಳು ಇದಕ್ಕೇ ಇವೆ. ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಬರುತ್ತದೆ, ಸೀಗೆ ಹುಣ್ಣಿಮೆಯ ದಿನ. ಗದ್ದೆಯಲ್ಲಿ ಭತ್ತಕ್ಕೆ ಹೊಡೆ ತುಂಬಿರುವ ಹೊತ್ತು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು. ಇಲ್ಲಿಯ ದೀವರು ಸಮುದಾಯದ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲ ಅಡುಗೆ ಮಾಡಿ, ನಸುಕಿನಲ್ಲಿ ಅದನ್ನು ಹೊತ್ತು ಗದ್ದೆಗೆ ಹೋಗಿ ಬೀರಿ ಬರುತ್ತಾರೆ. ಆ ಕತ್ತಲಲ್ಲಿ ದೊಡ್ಡವರ ಹಿಂದೆ ದೀಪ ನೋಡುತ್ತಾ ಬದುವಿನ ಮೇಲೆ ನಡೆದ ಮಗುವಿಗೆ ಭೂಮಿ ಅಂದರೆ ಯಾರು ಅಂತ ಬೇರೆ ವಿವರಿಸಬೇಕಿಲ್ಲ.

ಬೀದರ್, ಕಲಬುರಗಿ, ವಿಜಯಪುರದ ಕಡೆ ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಹೊಲಕ್ಕೆ, ಆಮೇಲೆ ನಮಗೆ. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಕ್ಕಳೇ ಮಣ್ಣಿನಲ್ಲಿ ಎತ್ತು ಮಾಡುತ್ತಾರೆ. ಕೊಡಗಿನಲ್ಲಿ ಹೊಸ ಭತ್ತದ ಹಬ್ಬ ಪುತ್ತರಿ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಮನೆಗೆ ಬರುತ್ತದೆ. ರಂಜಾನ್ ಹಬ್ಬದ ನಮಾಜಿಗೆ ಮುಂಚೆ ಬಡವರಿಗೆ ಕೊಡುವ ಫಿತ್ರಾ ದಾನವನ್ನು ಮನೆಯ ಸಣ್ಣ ಮಕ್ಕಳ ಲೆಕ್ಕದಲ್ಲೂ ಕೊಡುತ್ತಾರೆ. ಆ ಪಾಲನ್ನು ಮಗುವಿನ ಕೈಯಿಂದಲೇ ಕೊಡಿಸಬಹುದು.

ಊರಲ್ಲಿ ಹೊಲ ಇಲ್ಲದವರಿಗೆ ಆಯುಧ ಪೂಜೆ ಇದೆ. ಬರಿ ಕಾರು, ಬೈಕಿಗೆ ಕುಂಬಳಕಾಯಿ ಒಡೆದು ಮುಗಿಸಬೇಡಿ. ಹಿಂದಿನ ದಿನ ಮಗುವಿನ ಜೊತೆ ಮನೆ ಸುತ್ತಿ. ನಮಗಾಗಿ ದುಡಿಯುವ ವಸ್ತು ಯಾವುದು? ಈಳಿಗೆ ಮಣೆ, ಮಿಕ್ಸಿ, ಕತ್ತರಿ, ಪೊರಕೆ, ಅಪ್ಪನ ಲ್ಯಾಪ್‌ಟಾಪ್. ಮಗುವೇ ಒರೆಸಿ ಕುಂಕುಮ ಇಡಲಿ. ನಮ್ಮ ಮನೆಯಲ್ಲಿ ಹೋದ ವರ್ಷ ಮೊಮ್ಮಗ ತನ್ನ ನೆಬ್ಯುಲೈಜರ್‌ಗೆ ಹೂ ಮುಡಿಸಿದ. ಚಳಿಗಾಲದಲ್ಲಿ ಉಸಿರು ಕಟ್ಟಿದಾಗ ಅದೇ ಅವನಿಗೆ ದಿಕ್ಕು.

ಮನೆಗೆಲಸದವರು, ಕಸ ತೆಗೆದುಕೊಂಡು ಹೋಗುವವರು, ಇವರ ಜೊತೆ ಮಗು ಹೇಗೆ ಇರಬೇಕು?

ನಿಜವಾದ ಪರೀಕ್ಷೆ ಇರುವುದು ಇಲ್ಲೇ. ಉಡುಗೊರೆ ಕೊಟ್ಟ ಮಾಮನಿಗೆ ಥ್ಯಾಂಕ್ಸ್ ಹೇಳಿ, ಪಾತ್ರೆ ತೊಳೆಯಲು ಬಂದವರನ್ನು "ಏ, ಬಾ ಇಲ್ಲಿ" ಅಂತ ಕರೆದರೆ ಮಗು ಏನೂ ಕಲಿತಿಲ್ಲ. ಆದರೆ ಅದು ಮಗುವಿನ ತಪ್ಪಲ್ಲ. ನಾವು ಹೇಗೆ ಕರೆಯುತ್ತೇವೋ ಅದೂ ಹಾಗೇ ಕರೆಯುತ್ತದೆ.

ವಯಸ್ಸಿಗೆ ತಕ್ಕ ಹಾಗೆ ಅಕ್ಕ, ಅಣ್ಣ, ಅಜ್ಜಿ ಅಂತ ಕರೆಸಿ. ಬನ್ನಿ, ಹೋಗಿ ಅನ್ನಲಿ. ಹೆಸರು ಗೊತ್ತಿರಲಿ. ಅವರು ಕುಡಿಯುವ ಲೋಟ ಬೇರೆ ಇಟ್ಟಿದ್ದರೆ ಇವತ್ತೇ ಅದನ್ನು ತೆಗೆಯಿರಿ. ಬೇರೆ ಲೋಟ ಇಟ್ಟ ಮನೆಯಲ್ಲಿ ಕೃತಜ್ಞತೆಯ ಪಾಠ ಮಾಡುವುದು ಸುಳ್ಳು. ಮಕ್ಕಳಿಗೆ ಸುಳ್ಳು ಬೇಗ ಗೊತ್ತಾಗುತ್ತದೆ.

ಸೆಪ್ಟೆಂಬರ್ 23 ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನ. ಅವತ್ತು ಗಾಡಿ ಬಂದಾಗ ಮಗುವನ್ನು ಕರೆದುಕೊಂಡು ಹೋಗಿ ಮಾತಾಡಿಸಿ. ಅದಕ್ಕಿಂತ ಮುಖ್ಯವಾದ್ದು ಉಳಿದ 364 ದಿನದ ಕೆಲಸ: ಹಸಿ ಕಸ, ಒಣ ಕಸ ಬೇರೆ ಮಾಡುವುದು. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ ಮೇಲೆ "ಗಾಜು" ಅಂತ ಬರೆಯುವುದು. ಅಕ್ಷರ ಕಲಿಯುತ್ತಿರುವ ಮಗುವಿನ ಕೈಯಲ್ಲೇ ಬರೆಸಿ. "ಅಣ್ಣನ ಕೈಗೆ ಚುಚ್ಚಬಾರದು ಅಲ್ವಾ?" ಅಂದರೆ ಸಾಕು.

ಸರ್ಕಾರಿ ಶಾಲೆಗೆ ಹೋಗುವ ಮಗುವಾದರೆ ಬಿಸಿಯೂಟ ಮಾಡುವ ಅಮ್ಮನ ಹೆಸರು ಕೇಳಿ ನೋಡಿ. ಗೊತ್ತಿದ್ದರೆ ಸಂತೋಷ. ಇಲ್ಲದಿದ್ದರೆ ನಾಳೆ ತಿಳಿದುಕೊಂಡು ಬಾ ಅನ್ನಿ.

ಉಡುಗೊರೆ ನೋಡಿ ಮುಖಕ್ಕೇ "ಇದು ನನ್ನ ಹತ್ರ ಇದೆ, ಬೇಡ" ಅಂದುಬಿಟ್ಟಳು. ಏನು ಮಾಡಲಿ?

ಅಲ್ಲೇ ಬೈಯಬೇಡಿ. ಅವಳು ನಿಜ ಹೇಳಿದ್ದಾಳೆ. ಮನೆಗೆ ಬಂದ ಮೇಲೆ ವಸ್ತುವನ್ನೂ ತಂದವರನ್ನೂ ಬೇರೆ ಮಾಡಿ ತೋರಿಸಿ. "ವಸ್ತು ಇಷ್ಟ ಆಗದೆ ಇರಬಹುದು. ಆದರೆ ಆಂಟಿ ನಿನಗೆ ಅಂತ ಅಂಗಡಿಗೆ ಹೋದ್ರಲ್ಲ?" ಹಬ್ಬ, ಹುಟ್ಟುಹಬ್ಬದ ಮುಂಚೆ ಮನೆಯಲ್ಲೇ ಆಟದ ಹಾಗೆ ಒಂದು ಸಲ ಆಡಿ. ನೀವು ಮಗು, ಅವಳು ಉಡುಗೊರೆ ತಂದ ಆಂಟಿ. ಅವಳು ತಂದಿದ್ದನ್ನು ನೀವು "ಬೇಡ" ಅಂದಾಗ ಅವಳ ಮುಖ ನೋಡಿ.

ಒಳ್ಳೆಯ ಮಾತು ಆಡಿದಾಗ ಸ್ಟಾರ್, ಚಾಕಲೇಟ್ ಕೊಡಬಹುದಾ?

ಬೇಡ. ಮೇಲೆ ಹೇಳಿದ ವಾರ್ನೆಕೆನ್ ಮತ್ತು ಟೊಮಸೆಲ್ಲೊ 2008ರಲ್ಲಿ 20 ತಿಂಗಳ ಮಕ್ಕಳ ಜೊತೆ ಇದನ್ನೂ ಪರೀಕ್ಷೆ ಮಾಡಿದ್ದಾರೆ. ಸಹಾಯ ಮಾಡಿದ್ದಕ್ಕೆ ಪ್ರತಿ ಸಲ ವಸ್ತು ಪಡೆದ ಮಕ್ಕಳು ಆಮೇಲೆ ಸಹಾಯ ಮಾಡುವುದನ್ನು ಕಡಿಮೆ ಮಾಡಿದವು. ಏನೂ ಪಡೆಯದ ಮಕ್ಕಳು ಮಾಡುತ್ತಲೇ ಇದ್ದವು. ಮಗು ಮಾಡಿದ್ದನ್ನು ನಾವು ಗಮನಿಸಿದರೆ ಸಾಕು.

ಅಜ್ಜಿ ತಾತ ಕೇಳಿದ್ದೆಲ್ಲ ಕೊಡಿಸುತ್ತಾರೆ. ಯಾವುದಕ್ಕೂ ಬೆಲೆ ಇಲ್ಲದ ಹಾಗಾಗಿದೆ.

ಅಜ್ಜಿಯಾಗಿ ನಾನೂ ಈ ತಪ್ಪು ಮಾಡುತ್ತೇನೆ, ಒಪ್ಪಿಕೊಳ್ಳುತ್ತೇನೆ. ನಮ್ಮ ಕಾಲದಲ್ಲಿ ನಮ್ಮ ಮಕ್ಕಳಿಗೆ ಕೊಡಿಸಲು ಆಗದ್ದನ್ನು ಈಗ ತೀರಿಸಿಕೊಳ್ಳುತ್ತೇವೆ. ನಮ್ಮನ್ನು ಮಗುವಿನ ಎದುರು ತಡೆಯಬೇಡಿ. ಬೇರೆ ಕೂತು ಹೇಳಿ. "ಅಮ್ಮಾ, ಆಟದ ಸಾಮಾನು ಬೇಡ, ಅವನಿಗೆ ಚೌಕಾಬಾರ ಕಲಿಸು" ಅಂದರೆ ಯಾವ ಅಜ್ಜಿಯೂ ಬೇಡ ಅನ್ನುವುದಿಲ್ಲ. ಬಂದ ಆಟಿಕೆಗಳಲ್ಲಿ ಅರ್ಧವನ್ನು ಅಟ್ಟಕ್ಕೆ ಹಾಕಿ, ತಿಂಗಳಿಗೊಮ್ಮೆ ಬದಲಾಯಿಸಿ.

ಹೀಗೆ ಕಲಿಸಿದರೆ ಮಗು ಎಲ್ಲದಕ್ಕೂ ತಲೆ ಬಾಗಿಸುವ ಹಾಗಾಗುವುದಿಲ್ಲವಾ?

ಇದನ್ನು ಕೇಳುವವರು ಕಡಿಮೆ. ಆದರೆ ಕೇಳಲೇಬೇಕಾದ ಪ್ರಶ್ನೆ. ನಮ್ಮಲ್ಲಿ ಋಣ ಅನ್ನುವ ಮಾತಿದೆ. ಅದು ಭಾರವಾದ ಮಾತು. "ಹೊಟ್ಟೆ ಬಟ್ಟೆ ಕಟ್ಟಿ ಸಾಕಿದ್ದೀವಿ" ಅಂತ ಸಣ್ಣ ಮಗುವಿನ ತಲೆ ಮೇಲೆ ಸಾಲ ಹೊರಿಸಬಾರದು. ಮಗುವನ್ನು ಸಾಕುವುದು ನಮ್ಮ ಕೆಲಸ. ಅದಕ್ಕೆ ಬಿಲ್ ಕೊಡುವ ಹಾಗಿಲ್ಲ.

ಬೇಜಾರು ಹೇಳಿಕೊಳ್ಳಲು ಮಗುವಿಗೆ ಜಾಗ ಇರಬೇಕು. "ಅಷ್ಟೆಲ್ಲ ಇದ್ದೂ ಅಳ್ತೀಯಾ" ಅನ್ನಬೇಡಿ. ಇನ್ನೂ ಒಂದು, ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ: "ಚಾಕಲೇಟ್ ಕೊಟ್ರಲ್ಲ, ಮಾಮನಿಗೆ ಮುತ್ತು ಕೊಡು" ಅಂತ ಯಾವತ್ತೂ ಹೇಳಬೇಡಿ. ಕೊಟ್ಟವರು ಯಾರೇ ಆಗಿರಲಿ, ಮಗುವಿನ ಮೈ ಮುಟ್ಟುವ ಹಕ್ಕು ಅದರಿಂದ ಬರುವುದಿಲ್ಲ. ದೂರದಿಂದ ಕೈ ಮುಗಿದರೆ ಸಾಕು. ಯಾರಾದರೂ ಏನಾದರೂ ಕೊಟ್ಟು "ಯಾರಿಗೂ ಹೇಳಬೇಡ" ಅಂದರೆ ಬಂದು ಹೇಳಬೇಕು ಅಂತ ಕಲಿಸಿ. ಮಕ್ಕಳ ಸಹಾಯವಾಣಿ 1098, ಕರೆ ಉಚಿತ.

ನಾವು ಅಮೆರಿಕದಲ್ಲಿದ್ದೇವೆ. ಮಗಳು ಮಾತು ಮಾತಿಗೂ ಥ್ಯಾಂಕ್ಯೂ ಅನ್ನುತ್ತಾಳೆ. ಊರಿಗೆ ಬಂದಾಗ ಅವಳ ಅಜ್ಜಿಗೆ "ನಾನೇನು ಹೊರಗಿನವಳಾ" ಅಂತ ಬೇಜಾರು.

ಇಬ್ಬರದೂ ಸರಿ. ಮಗಳಿಗೆ ಅದು ಅಲ್ಲಿಯ ನಡತೆ, ಬಿಡಿಸಬೇಡಿ. ಜೊತೆಗೆ ಕನ್ನಡದ ದಾರಿಯನ್ನೂ ಕೊಡಿ. ಊಟ ಆದ ಮೇಲೆ "ಅಜ್ಜಿ, ಸಾರು ತುಂಬಾ ಚೆನ್ನಾಗಿತ್ತು, ಇನ್ನೊಂದು ಸ್ವಲ್ಪ ಹಾಕಿ" ಅನ್ನಲಿ. ಅಜ್ಜಿಗೆ ಬೇಕಾದ್ದು ಅದೇ. ಅಲ್ಲಿ ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ರಜೆ ಇರುತ್ತದಲ್ಲ, ಆ ದಿನ ಅವಳು ಊರಿಗೆ ವಿಡಿಯೋ ಕಾಲ್ ಮಾಡಿ ಅಜ್ಜಿ ಕಲಿಸಿದ ಒಂದು ಅಡುಗೆಯನ್ನು ಮಾಡಿ ತೋರಿಸಲಿ.

ಎಲ್ಲ ಮಾಡುತ್ತಿದ್ದೇವೆ. ಮಗುವಿಗೆ ಏನೂ ಹತ್ತುತ್ತಿರುವ ಹಾಗೆ ಕಾಣುವುದಿಲ್ಲ.

ಎಷ್ಟು ದಿನವಾಯಿತು? ಒಂದು ತಿಂಗಳಾ? ನನ್ನ ಮಗಳ ಬಾಯಲ್ಲಿ ಥ್ಯಾಂಕ್ಸ್ ತಾನಾಗಿ ಬರಲು ವರ್ಷಗಳೇ ಆದವು. ಮಂಚದ ಕೆಳಗೆ ಕೂತಿದ್ದಳಲ್ಲ, ಅವಳೇ. ಮನೆಯಲ್ಲಿ ನೀವು ಗಂಡ ಹೆಂಡತಿ ಒಬ್ಬರಿಗೊಬ್ಬರು ಏನು ಹೇಳುತ್ತೀರಿ ಅಂತ ಒಂದು ವಾರ ಗಮನಿಸಿ. ಕಾಫಿ ಲೋಟ ಕೈಗೆ ಬಂದಾಗ ತಲೆ ಎತ್ತಿ ನೋಡುತ್ತೀರಾ, ಫೋನ್ ನೋಡುತ್ತಲೇ ಇಸ್ಕೊಳ್ಳುತ್ತೀರಾ?

ಇವತ್ತೇ ಏನಾದರೂ ಶುರು ಮಾಡಬೇಕು ಅಂದರೆ?

ನಿಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಯಾರದೋ ಮನೆಯ ಸ್ಟೀಲ್ ಡಬ್ಬ ಒಂದು ಇದ್ದೇ ಇರುತ್ತದೆ, ವಾಪಸ್ ಕೊಡಬೇಕು ಅಂತ ಅಂದುಕೊಂಡು ಮರೆತದ್ದು. ಅದನ್ನು ತೆಗೆದು ತೊಳೆಯಿರಿ. ಒರೆಸಲು ಮಗುವಿಗೆ ಕೊಡಿ. ಆಮೇಲೆ ಮುಚ್ಚಳ ತೆಗೆದು ಮುಂದೆ ಇಟ್ಟು ಕೇಳಿ: "ಇದರೊಳಗೆ ಏನು ಹಾಕೋಣ?"